ಕ್ಲಚ್ ಪ್ಲೇಟಿಗೆ ಹಚ್ಚಿದ ಎಣ್ಣೆ

ಕ್ಲಚ್ ಸುಟ್ಟ ವಾಸನೆಯನ್ನು ನೀವೂ ಮೂಸಿರಬಹುದು. ಏರುದಾರಿಯಲ್ಲಿ ಗಾಡಿಯೊಂದು ಮುಂದೆ ಹೋಗಲಾರದೆ ಗೊರಗೊರ ಎನ್ನುವಾಗ ಕೆಳಗಿನಿಂದ ಏಳುವ, ಗಂಟಲು ಹಿಡಿಯುವ ಕಮಟು ವಾಸನೆ ಅದು. ಕಳೆದ ತಿಂಗಳು ಧಾರವಾಡದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಏರಿನ ಮೇಲೆ ನನ್ನ ಸಣ್ಣ ಕಾರಿನಿಂದಲೇ ಅದು ಬಂತು. ಹಿಂದಿನವರು ಹಾರ್ನ್ ಹಾಕತೊಡಗಿದರು. ನಾನು ಗಾಡಿಯನ್ನು ಹೇಗೋ ಬದಿಗೆ ಒಯ್ದು ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಕುಳಿತುಬಿಟ್ಟೆ. ಬೇರೆಯವರಿಗೆ ಅದು ಬರೀ ಸುಟ್ಟ ವಾಸನೆ. ನನಗೆ ಮಾತ್ರ ಅದರೊಳಗೆ ಕಾದ ಶೇಂಗಾ ಎಣ್ಣೆಯ ವಾಸನೆ ಬರುತ್ತದೆ, ಇಲ್ಲದಿದ್ದರೂ ಬರುತ್ತದೆ. ಐವತ್ತರ ಹೊಸ್ತಿಲಲ್ಲಿರುವ ಹೆಂಗಸು ರಸ್ತೆ ಬದಿಯಲ್ಲಿ ಅಳುತ್ತ ಕುಳಿತರೆ ಜನ ಏನೆಂದುಕೊಂಡಾರು ಎಂದು ಕನ್ನಡಕ ಒರೆಸುವ ನೆಪ ಮಾಡಿದೆ. ಎಂಬತ್ತರ ದಶಕದ ಕೊನೆಯ ಒಂದು ವಾರ, ನನಗೆ ಹನ್ನೊಂದು ವರ್ಷವಾಗಿದ್ದಾಗಿನ ಆ ಒಂದು ವಾರ, ನನ್ನನ್ನು ಇನ್ನೂ ಬಿಟ್ಟಿಲ್ಲ.

ನಮ್ಮದು ಬ್ಯಾಡಗಿ. ಮನೆಯ ಮುಂಭಾಗದಲ್ಲಿ ಅಪ್ಪನ ಖಾರಪುಡಿ ಗಿರಣಿ, ಹಿಂಭಾಗದಲ್ಲಿ ನಾವು, ನಡುವೆ ಕಲ್ಲು ಹಾಸಿದ ಅಂಗಳ. ಗಿರಣಿಯ ಪಟ್ಟಾ ತಿರುಗತೊಡಗಿದರೆ ಗೋಡೆಗೆ ತೂಗುಹಾಕಿದ ಕನ್ನಡಿಯೂ ಸಣ್ಣಗೆ ನಡುಗುತ್ತಿತ್ತು. ಖಾರದ ಧೂಳು ಎಲ್ಲೆಲ್ಲೂ ಇರುತ್ತಿತ್ತು: ಹಾಸಿಗೆಯ ಮಡಿಕೆಯಲ್ಲಿ, ಪಾಟಿಚೀಲದಲ್ಲಿ, ದೇವರ ಜಗಲಿಯ ಮೇಲೆ. ಬಂದವರು ಸೀನುತ್ತಿದ್ದರು. ಸೀನಿದವರು ಬೀಗರು, ಸೀನದವರು ಮನೆಯವರು ಎಂದು ನಮ್ಮಲ್ಲೊಂದು ಚೇಷ್ಟೆಯ ಮಾತಿತ್ತು. ಅಪ್ಪ ಕೆಲಸ ಮುಗಿಸಿದ ಮೇಲೆ ಕೈಗೆ ಎಣ್ಣೆ ಸವರಿಕೊಂಡು, ಕಡಲೆಹಿಟ್ಟಿನಿಂದ ತಿಕ್ಕಿ, ಮತ್ತೆ ಎಣ್ಣೆ ಸವರಿಕೊಂಡು, ಆಮೇಲಷ್ಟೇ ನನ್ನ ಗಲ್ಲ ಮುಟ್ಟುತ್ತಿದ್ದ. ಖಾರಕ್ಕೆ ಎಣ್ಣೆಯೇ ಮದ್ದು. ಯಂತ್ರಕ್ಕೂ ಎಣ್ಣೆಯೇ ಮದ್ದು. ಗಿರಣಿಗೆ ಹೊಸದಾಗಿ ಏನೇ ಬರಲಿ, ಬೇರಿಂಗ್ ಬರಲಿ, ಬೀಸುಕಲ್ಲು ಬರಲಿ, ಒಂದು ನಟ್ಟು ಬೋಲ್ಟೇ ಬರಲಿ, ಮನೆಯ ಹೆಣ್ಣುಮಕ್ಕಳು ಅದಕ್ಕೆ ಶೇಂಗಾ ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಕೊಟ್ಟ ಮೇಲೆಯೇ ಅಪ್ಪ ಕೂಡಿಸುತ್ತಿದ್ದ. ಅವ್ವ ಬರುವುದಕ್ಕೂ ಮೊದಲಿನಿಂದ ನಡೆದುಬಂದ ಪದ್ಧತಿ ಅದು. ಕಬ್ಬಿಣಕ್ಕೆ ಎಣ್ಣೆಯಿಂದ ಕೇಡಿಲ್ಲವಾದ್ದರಿಂದ ಆ ಪದ್ಧತಿಯಿಂದ ಯಾರಿಗೂ ಯಾವತ್ತೂ ಕೇಡಾಗಿರಲಿಲ್ಲ.

ಅವ್ವ ಆಗ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅಟ್ಟದಿಂದ ಮೆಣಸಿನಕಾಯಿ ಚೀಲ ಇಳಿಸುವಾಗ ಏಣಿ ಜಾರಿ, ಬೆನ್ನುಹುರಿಗೆ ಪೆಟ್ಟು ಬಿದ್ದಿತ್ತು. ಹುಬ್ಬಳ್ಳಿಯ ಡಾಕ್ಟರು ಹಲಗೆಯ ಮಂಚದ ಮೇಲೆ ಮಲಗಬೇಕು, ಕುಲುಕಾಟ ಒಟ್ಟ ಕೂಡದು ಎಂದು ಹೇಳಿದ್ದರು. ಮೆಲ್ಲಗೆ ಗೋಡೆ ಹಿಡಿದು ನಡೆಯುತ್ತಿದ್ದಳು, ಆದರೆ ಬಸ್ಸು ಹತ್ತುವಂತಿರಲಿಲ್ಲ. ಒಮ್ಮೆ ಯಾರದೋ ಜೀಪಿನಲ್ಲಿ ಮೋಟೆಬೆನ್ನೂರಿನವರೆಗೆ ಹೋಗಿಬಂದು ಎಂಟು ದಿನ ಮಗ್ಗುಲು ತಿರುಗಿಸಲಾಗದೆ ಮಲಗಿದ್ದಳು. ಅದನ್ನು ನೋಡಿಯೇ ಅಪ್ಪ ಹಾವೇರಿಯ ಮುದಿ ವಕೀಲರೊಬ್ಬರಿಂದ ಅವರಷ್ಟೇ ಮುದಿಯಾದ ವಿಲಾಯತಿ ಕಾರೊಂದನ್ನು ತಂದ. ಅದರ ಹೆಸರು ಹೇಳಿದರೂ ಈಗ ಯಾರಿಗೂ ತಿಳಿಯದು. ಸೀಟು ಮೆತ್ತಗಿತ್ತು, ಅವ್ವ ಕಾಲು ಚಾಚಿ ಒರಗಬಹುದಾಗಿತ್ತು. ನನ್ನ ಅಪ್ಪ ಹೆಂಡತಿಯ ಹತ್ತಿರ ಪ್ರೀತಿಯ ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ. ಕಾರು ತಂದ ದಿನವೂ "ಸೀಟ ಅಗಲ ಅದಾವ" ಎಂದನಷ್ಟೇ.

ಒಂದು ವರ್ಷದಲ್ಲಿ ಆ ಕಾರಿಗೂ ವಯಸ್ಸು ತೋರಿತು. ಕ್ಲಚ್ ಸವೆದು, ಎಂಜಿನ್ ಕೂಗಿದಷ್ಟು ಗಾಡಿ ಓಡುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸಣ್ಣ ತಗ್ಗಿಗೆ ಬಿದ್ದರೂ ಕೆಳಗೆ ದಡ್ ದಡ್ ಎಂದು ಬಡಿಯುತ್ತಿತ್ತು. ಎಂಜಿನ್ನು, ಮುಂದಿನ ಗಾಲಿ ಎಲ್ಲವನ್ನೂ ಹೊತ್ತ ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ, ಸಬ್‌ಫ್ರೇಮ್ ಎನ್ನುತ್ತಾರೆ. ಆ ಚೌಕಟ್ಟಿಗೂ ಗಾಡಿಯ ಮೈಗೂ ನಡುವೆ ರಬ್ಬರಿನ ದಪ್ಪ ಬುಶ್‌ಗಳಿರುತ್ತವೆ. ಅವು ಹಣ್ಣಾಗಿ ಹರಿದು, ಕಬ್ಬಿಣಕ್ಕೆ ಕಬ್ಬಿಣವೇ ಬಡಿಯುತ್ತಿತ್ತು. ಆ ಪೆಟ್ಟು ನೇರ ಅವ್ವನ ಬೆನ್ನಿಗೆ ಹೋಗುತ್ತಿತ್ತು. ರಿಪೇರಿ ಇಂದು ನಾಳೆ ಎನ್ನುತ್ತಲೇ ಕಾರು ಅಂಗಳದಲ್ಲಿ ನಿಂತಿತು.

ಆಗ ಒಂದು ಸೋಮವಾರ ರಾಣೆಬೆನ್ನೂರು ಬಸ್ಸಿನ ಕಂಡಕ್ಟರ ಕೈಯಲ್ಲಿ ಹಲಗೇರಿಯಿಂದ ಸೋದರಮಾವನ ಚೀಟಿ ಬಂತು. ಹಲಗೇರಿ ಅವ್ವನ ತವರು. ಅವ್ವನ ಅವ್ವ, ನಾವು ಹಲಗೇರಿ ಆಯಿ ಎನ್ನುತ್ತಿದ್ದವಳು, ಅನ್ನ ಬಿಟ್ಟಿದ್ದಳು. "ಅವ್ವ ನಿನ್ನ ಹೆಸರ ಹಿಡದಾಳ. ಒಂದ ಸಲ ಮುಖಾ ತೋರಿಸಿ ಹೋಗು. ಲಗೂ ಬಾ" ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಬಿದ್ದ ಮೇಲೆ ಅವ್ವ ತವರಿಗೆ ಹೋಗಿರಲಿಲ್ಲ; ಕಾರು ಬಂದ ಮೇಲೂ ಬೆನ್ನು ಇನ್ನಷ್ಟು ಗಟ್ಟಿಯಾಗಲಿ ಎಂದು ಮುಂದೂಡುತ್ತಿದ್ದಾಗಲೇ ಕಾರೂ ಕೆಟ್ಟಿತ್ತು. ಆಯಿಗೂ ಮುಪ್ಪು, ಬರಲಾಗಿರಲಿಲ್ಲ. ಇಪ್ಪತ್ತು ಚಿಲ್ಲರೆ ಮೈಲು ದೂರದಲ್ಲಿದ್ದುಕೊಂಡು ತಾಯಿ ಮಗಳು ಎರಡು ವರ್ಷ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅವ್ವ ಚೀಟಿಯನ್ನು ಎರಡು ಸಲ ಓದಿ, ಮಡಿಚಿ ದಿಂಬಿನ ಕೆಳಗಿಟ್ಟು, ಅಪ್ಪನ ಮುಖ ನೋಡಿದಳು. ಅಪ್ಪ ಗಿರಣಿಯ ಬಾಗಿಲು ಮುಚ್ಚಿ ಬೀಗ ಹಾಕಿದ. ಸುಗ್ಗಿಯ ದಿನಗಳಲ್ಲಿ ಆ ಬಾಗಿಲು ಮುಚ್ಚಿದ್ದು ನಾನು ಕಂಡಂತೆ ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಮೋಟೆಬೆನ್ನೂರಿನಿಂದ ಖಾದರ್ ಕಾಕಾ ಬಂದರು. ಹೈವೇಯ ಮೇಲೆ ಮೂವತ್ತು ವರ್ಷ ಲಾರಿ ರಿಪೇರಿ ಮಾಡಿದವರು, ಅಪ್ಪನ ಗೆಳೆಯರು. ಈಗ ಮಂಡಿ ಹೋಗಿದ್ದವು, ಗಾಡಿಯ ಕೆಳಗೆ ನುಗ್ಗುವುದು ಆಗುತ್ತಿರಲಿಲ್ಲ. ನಮ್ಮ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಬಾಯಿಯಿಂದಲೇ ಕೆಲಸ ಮಾಡಿಸುತ್ತಿದ್ದರು.

"ಬಸಣ್ಣಾ, ಕ್ಲಚ್ ಒಂದ ದಿನದ ಕೆಲಸ," ಎಂದರು ಅವರು. "ಅಷ್ಟ ಮಾಡಿ ಹೋಗಿಬಿಡು. ಬುಶ್ ಬಿಚ್ಚೂದಂದ್ರ ಎಂಜಿನ್ ಎತ್ತಬೇಕ. ಆಮ್ಯಾಲ ಆರಾಮಶೀರ ಮಾಡೂಣಂತ."

"ಹಿಂಗ ದಡಬಡಸ್ಕೊಂತ ಹೋದ್ರ ಆಕಿ ಹಲಗೇರಿ ಮುಟ್ಟೂದ್ರಾಗ ಆಕಿನ್ನ ಎತ್ತಿ ಇಳಸಬೇಕಾಕ್ಕೇತಿ," ಎಂದ ಅಪ್ಪ. "ಎರಡೂ ಮಾಡೂಣು. ಗುರುವಾರ ಮುಂಜಾನೆ ಬಿಡೂಣು."

ಖಾದರ್ ಕಾಕಾ ಮಂಚದ ಕಡೆ ನೋಡಿ, "ನಿನ್ನ ಮರ್ಜಿ" ಎಂದು ಬೀಡಿ ಹಚ್ಚಿದರು.

ಆಮೇಲಿನ ಮೂರು ದಿನ ನನ್ನ ಬಾಲ್ಯದ ಅತ್ಯಂತ ಸಂತೋಷದ ದಿನಗಳು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಖರೇ ಅದೇ. ಗಿರಣಿ ನಿಂತು ಅಂಗಳ ಶಾಂತವಾಗಿತ್ತು. ಅಪ್ಪ ಸವೆದುಹೋದ ಹಳೆಯ ಬೀಸುಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ಮೇಲೆ ಕಾರನ್ನು ನಿಲ್ಲಿಸಿದ. ಚೀಲ ತೂಗುವ ಮೂರು ಕಾಲಿನ ಕಟ್ಟಿಗೆಗೆ ಸರಪಳಿ ಕಟ್ಟಿ ಎಂಜಿನ್ನನ್ನು ತೂಗುಬಿಟ್ಟ. ಗೇರುಬಾಕ್ಸು ಇಳಿಯುವ ಜಾಗದಲ್ಲಿ ಮೆಣಸಿನಕಾಯಿ ತೊಟ್ಟು ತುಂಬಿದ ಚೀಲ ಹಾಸಿದ್ದ. ಅದು ದಪ್ಪನೆ ಇಳಿದಾಗ ಖಾರದ ಧೂಳೆದ್ದು, ಮನೆಯವರೆಲ್ಲ ಬೀಗರಾಗಿ ಸೀನಿದೆವು. ಅವ್ವ ಬೆನ್ನು ಹಿಡಿದುಕೊಂಡು ನಕ್ಕಳು. ಬಾಗಿಲಿನ ಬಳಿ ಮಂಚ ಎಳೆಸಿಕೊಂಡು, ಅಪ್ಪನ ಎರಡು ಕಾಲು ಗಾಡಿಯ ಕೆಳಗಿನಿಂದ ಹೊರಗೆ ಚಾಚಿರುವುದನ್ನೇ ನೋಡುತ್ತ, ಆಯಿಗೆ ಏನೇನು ಒಯ್ಯಬೇಕೆಂದು ನನಗೆ ಹೇಳುತ್ತಿದ್ದಳು. ಹೊಸ ಸೀರೆ ಬೇಡ, ಹಳೆಯದು ಮೆತ್ತಗಿರುತ್ತದೆ, ಅದನ್ನು ಹೊದಿಸಬೇಕು. ಗಂಜಿಗೆ ಹಾಕಲು ನಮ್ಮ ಬೆಲ್ಲವನ್ನೇ ಒಯ್ಯಬೇಕು. ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದಳು.

ಆ ಕಾರಿನ ಬುಶ್ ಬಜಾರಿನಲ್ಲಿ ಸಿಗುತ್ತಿರಲಿಲ್ಲ. ಅಪ್ಪ ಲಾರಿಯ ಎಂಜಿನ್ ಕೆಳಗಿನ ದಪ್ಪ ರಬ್ಬರ್ ತಂದು, ಹಳೆಯ ಬುಶ್‌ನ ಅಳತೆ ಹಿಡಿದು, ಅರ್ಧ ದಿನ ಕುಳಿತು ಕೊರೆದ. ರಾಣೆಬೆನ್ನೂರಿನ ಲೇತ್ ಅಂಗಡಿಯಲ್ಲಿ ಒಳಗಿನ ಕೊಳವೆ ಮಾಡಿಸಿದ. ಒಂದೊಂದನ್ನೂ ಚೌಕಟ್ಟಿನ ತೂತಿಗೆ ಕೂಡಿಸಲು ಉದ್ದ ಬೋಲ್ಟು, ಎರಡು ಬಿಲ್ಲೆ, ಒಂದು ಪಾನಾ ಇಟ್ಟುಕೊಂಡು ಹಲ್ಲು ಕಚ್ಚಿ ತಿರುಗಿಸಿದ. ಮೊದಲನೆಯದು ಒಳಗೆ ಹೋಗದೆ ಹಟ ಮಾಡಿದಾಗ ಅವನು ಎಂದಿನಂತೆ ನನ್ನ ಕಡೆ ಕೈಚಾಚಿ ಎಣ್ಣೆ ಕೇಳಿದ.

"ಏ, ರಬ್ಬರಿಗೆ ಎಣ್ಣಿ ಹಚ್ಚಬ್ಯಾಡೋ ಮಾರಾಯ," ಎಂದು ಖಾದರ್ ಕಾಕಾ ಕುರ್ಚಿಯಿಂದಲೇ ತಡೆದರು. "ಎಣ್ಣಿ ಕುಡದ್ರ ರಬ್ಬರ್ ಉಬ್ಬತೇತಿ, ಆರ ತಿಂಗಳದಾಗ ಕೊಳೀತೇತಿ. ಸಬಕಾರದ ನೀರ ಹಚ್ಚು. ಬೇಟಿ, ಸಬಕಾರ ತಾ."

ನಾನು ಸಾಬೂನು ತಂದುಕೊಟ್ಟೆ. ಬುಶ್ ಸರ್ರನೆ ಒಳಗೆ ಹೋಯಿತು. ರಬ್ಬರಿಗೆ ಎಣ್ಣೆ ಕೂಡದು ಎಂಬುದನ್ನು ನಾನು ಬುದ್ಧಿವಂತೆಯಂತೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ರಬ್ಬರಿಗೆ ಮಾತ್ರ ಎಂದು ಬರೆದಿಟ್ಟುಕೊಂಡೆ.

ಬುಧವಾರ ಮಧ್ಯಾಹ್ನ ಹುಬ್ಬಳ್ಳಿಯಿಂದ ತರಿಸಿದ ಕ್ಲಚ್ ಪ್ಲೇಟು ಬಂತು. ರೊಟ್ಟಿಯಷ್ಟು ಅಗಲದ ತಟ್ಟೆ, ನಡುವೆ ಗುಬ್ಬಿ ಎನ್ನುವ ಕಬ್ಬಿಣದ ಉಬ್ಬು, ಸುತ್ತ ಎರಡೂ ಕಡೆ ಕಂದುಬಣ್ಣದ ಒರಟು ಬಳೆಯಂಥದ್ದು. ಆ ಒರಟು ಭಾಗವೇ ಎಂಜಿನ್ನಿನ ಚಕ್ರಕ್ಕೆ ಗಟ್ಟಿಯಾಗಿ ಅಂಟಿ ಗಾಡಿಯನ್ನು ಎಳೆಯುವುದು ಎಂದು ಈಗ ಗೊತ್ತು. ಅಪ್ಪ ಅದನ್ನು ಕಾಗದದಲ್ಲೇ ಸುತ್ತಿ ಗೋಡೆಯ ಮಾಡದಲ್ಲಿಟ್ಟು, ಊಟಕ್ಕೆ ಕುಳಿತ. ಖಾದರ್ ಕಾಕಾ ನಮಾಜಿಗೆ ಹೋಗಿದ್ದರು. ಅವ್ವ ನನ್ನನ್ನು ಮಂಚದ ಹತ್ತಿರ ಕರೆದಳು.

"ಹೊಸಾ ಸಾಮಾನ ಹಂಗ ಕೂಡಸ್ತಾರೇನ? ಬುಶ್ಶಿಗಂತೂ ಬ್ಯಾಡ ಅಂದ್ರು. ಇದಕ್ಕರ ಎಣ್ಣಿ ಹಚ್ಚಿ ಕುಂಕುಮ ಇಡು. ಚಲೋತ್ನಂಗ ಹಚ್ಚು, ನಮ್ಮವ್ವನ ಮಾರಿ ನೋಡಾಕ ಹೊಂಟೇವಿ."

ನಾನು ಚಲೋತ್ನಂಗ ಹಚ್ಚಿದೆ. ಬಟ್ಟಲಿನಲ್ಲಿ ಶೇಂಗಾ ಎಣ್ಣೆ ತಂದು, ಎರಡು ಬೆರಳು ಅದ್ದಿ, ಆ ಕಂದು ಬಳೆಯ ಮೇಲೆ ಸುತ್ತ ಸವರಿದೆ. ಅದು ಎಣ್ಣೆಯನ್ನು ಕುಡಿದುಬಿಡುತ್ತಿತ್ತು, ಹೊಳಪೇ ಬರುತ್ತಿರಲಿಲ್ಲ. ಹೊಳಪು ಬರಲಿಲ್ಲವೆಂದು ಮತ್ತೆ ಹಚ್ಚಿದೆ. ಮಗುಚಿ ಆ ಕಡೆಗೂ ಹಚ್ಚಿದೆ. ಗಿರಣಿಯ ಯಾವ ಬೇರಿಂಗಿಗೂ ನಾನು ಅಷ್ಟು ಪ್ರೀತಿಯಿಂದ ಎಣ್ಣೆ ಹಚ್ಚಿರಲಿಲ್ಲ. ಕೊನೆಗೆ ನಡುವಿನ ಗುಬ್ಬಿಗೆ ಕುಂಕುಮ ಇಟ್ಟು, ಹೇಗಿತ್ತೋ ಹಾಗೇ ಕಾಗದ ಸುತ್ತಿದೆ. ಅಪ್ಪ ಅದನ್ನು ಬಿಚ್ಚಿದಾಗ ಕುಂಕುಮ ನೋಡಿ, ಮಂಚದ ಕಡೆ ನೋಡಿ, ಮೀಸೆಯಲ್ಲೇ ನಕ್ಕದ್ದು ನೆನಪಿದೆ. ಅವನ ಕೈಗಳೇ ಎಣ್ಣೆಯವು. ತಟ್ಟೆ ಜಿಡ್ಡಾಗಿದೆಯೆಂದು ಅವುಗಳಿಗೆ ತಿಳಿಯಲಿಲ್ಲ. ಖಾದರ್ ಕಾಕಾ ಮರಳಿ ಬರುವಷ್ಟರಲ್ಲಿ ಅದು ಒಳಗೆ ಸೇರಿ, ಗೇರುಬಾಕ್ಸಿನ ಅರ್ಧ ಬೋಲ್ಟು ಬಿಗಿದಾಗಿತ್ತು.

ಗುರುವಾರ ಮುಂಜಾನೆ ಅವ್ವನಿಗೆ ದಿಂಬು ಇಟ್ಟು ಹಿಂದಿನ ಸೀಟಿನಲ್ಲಿ ಒರಗಿಸಿದೆವು. ಸೀರೆ, ಬೆಲ್ಲ ನನ್ನ ತೊಡೆಯ ಮೇಲಿದ್ದವು. ಗಾಡಿ ಅಂಗಳ ದಾಟಿತು, ಓಣಿ ದಾಟಿತು, ತಗ್ಗಿಗೆ ಇಳಿದರೂ ಬಡಿಯಲಿಲ್ಲ. ಅವ್ವ ಆಶ್ಚರ್ಯದಿಂದ ನನ್ನ ಕೈ ಒತ್ತಿದಳು. ರೈಲ್ವೆ ಗೇಟಿನ ಹತ್ತಿರದ ಸಣ್ಣ ಏರು ಬಂದಾಗ ಎಂಜಿನ್ ಜೋರಾಗಿ ಕೂಗಿತು, ಗಾಡಿ ನಿಂತಲ್ಲೇ ನಿಂತಿತು. ಅಪ್ಪ ಮತ್ತೆ ಎಕ್ಸಿಲರೇಟರ್ ಒತ್ತಿದ. ಕೆಳಗಿನಿಂದ ಹೊಗೆ ಬಂತು. ಸುಟ್ಟ ವಾಸನೆ, ಅದರ ಜೊತೆಗೆ ನಮ್ಮ ಅಡುಗೆಮನೆಯಲ್ಲಿ ಬಜಿ ಕರಿಯುವಾಗ ಬರುವ ವಾಸನೆ. ಅಪ್ಪನಿಗೆ ಏನಾಗಿದೆಯೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ತಿಳಿದೂ ನಾನು ಬಾಯಿ ಬಿಡಲಿಲ್ಲ.

ಗಾಡಿಯನ್ನು ಜನ ತಳ್ಳಿಕೊಂಡು ಮನೆಗೆ ತಂದರು. ಅಪ್ಪ ಓಡಿಹೋಗಿ ಬಜಾರಿನಿಂದ ಒಂದು ಮೆಟಡಾರ್ ಕರೆತಂದ. ಅದರೊಳಗೆ ಮೂರು ಗಾದಿ ಹಾಸಿ ಅವ್ವನನ್ನು ಮಲಗಿಸಿದರು. ಅದೇ ರೈಲ್ವೆ ಗೇಟಿನ ಹಳಿ ದಾಟುವಾಗ ಅವಳ ಬಾಯಿಂದ ಬಂದ ಸದ್ದು ನಾನು ಮತ್ತೆಲ್ಲೂ ಕೇಳಿಲ್ಲ. ತುಟಿ ಬೆಳ್ಳಗಾಗಿ, ಕಾಲು ಜೋಮು ಹಿಡಿದು, ಆದರೂ "ನಡೀರಿ, ನಡೀರಿ" ಎನ್ನುತ್ತಿದ್ದಳು. ಅಪ್ಪ ಡ್ರೈವರನ ಭುಜ ಮುಟ್ಟಿ ತಿರುಗಿಸಲು ಹೇಳಿದ. ಮನೆಗೆ ಬಂದ ಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಇಡೀ ಮನೆಯಲ್ಲಿ ನಾವು ಮೂವರೇ ಇದ್ದೆವು, ಮೂವರೂ ಏನೂ ಮಾಡಲಾರದವರಾಗಿದ್ದೆವು.

ಅಪ್ಪ ಅಂದೇ ಮತ್ತೆ ಬೀಸುಕಲ್ಲು ಪೇರಿಸಿದ. ಮತ್ತೆ ಸರಪಳಿ, ಮತ್ತೆ ಅದೇ ಬೋಲ್ಟು. ಗೇರುಬಾಕ್ಸು ಇಳಿದಾಗ ಈ ಸಲ ಸೀನಿದರೂ ಯಾರೂ ನಗಲಿಲ್ಲ. ಖಾದರ್ ಕಾಕಾ ಪ್ಲೇಟನ್ನು ಮೂಗಿನ ಹತ್ತಿರ ಹಿಡಿದರು. ಬೆಳಕಿಗೆ ತಿರುಗಿಸಿ ನೋಡಿದರು.

"ಇದು ಗ್ರೀಸ್ ಅಲ್ಲ ಬಸಣ್ಣಾ," ಎಂದರು ಮೆಲ್ಲಗೆ. "ಶೇಂಗಾ ಎಣ್ಣಿ. ಯಾರ ಹಚ್ಚಿದ್ರಿದನ್ನ?"

ಅಪ್ಪ ಗುಬ್ಬಿಯ ಸಂದಿಯಲ್ಲಿ ಉಳಿದ ಕುಂಕುಮ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಕಂಬ ಹಿಡಿದು ನಿಂತಿದ್ದೆ. ಬಾಗಿಲಾಚೆ ಅವ್ವನ ಮಂಚವಿತ್ತು. ಅವಳು ಎಚ್ಚರವಿದ್ದಳೋ ಇಲ್ಲವೋ ಗೊತ್ತಿಲ್ಲ.

"ನನ್ನ ಕೈಯಾಗಿಂದು," ಎಂದ ಅಪ್ಪ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. "ಮೈಮ್ಯಾಲ ಖಬರ ಇಲ್ದ ಎಣ್ಣೀ ಕೈಲೆ ಹಿಡದೆ. ನನ್ನ ತಪ್ಪ."

ಖಾದರ್ ಕಾಕಾ ಪೆಟ್ರೋಲಿನ ಡಬ್ಬಿ ಎಳೆದುಕೊಂಡು, "ಆಕ್ಕೇತಿ, ಒಮ್ಮೊಮ್ಮೆ ಆಕ್ಕೇತಿ" ಎಂದರು. ಪೆಟ್ರೋಲಿನಲ್ಲಿ ತೊಳೆದರು, ಬಿಸಿಲಿಗಿಟ್ಟರು, ಬೆಂಕಿಗೆ ಹಿಡಿದರು. ಕುಡಿದ ಎಣ್ಣೆ ಹೊರಗೆ ಬರಲಿಲ್ಲ, ಜಿಡ್ಡು ಇರುವವರೆಗೆ ಅದು ಚಕ್ರಕ್ಕೆ ಅಂಟದೆ ಜಾರುತ್ತದೆ. ಶುಕ್ರವಾರ ಅಪ್ಪ ತಾನೇ ಹುಬ್ಬಳ್ಳಿಗೆ ಹೋಗಿ ಇನ್ನೊಂದು ಪ್ಲೇಟು ತಂದ. ಅದನ್ನು ಅಂಗಿಯ ಒಳಗೆ, ಎದೆಗೆ ಅವಚಿಕೊಂಡು ತಂದಿದ್ದ. ಮನೆಯೊಳಗೆ ತರದೆ ಬಾಗಿಲಿನಿಂದ ನೇರ ಗಾಡಿಯ ಕೆಳಗೆ ಹೋದ.

ಶನಿವಾರ ಬೆಳಿಗ್ಗೆ ಕೊನೆಯ ಬೋಲ್ಟು ಬಿಗಿಯುತ್ತಿದ್ದಾಗ ಹಲಗೇರಿಯ ಆಳು ಬಂದು ಅಂಗಳದಲ್ಲಿ ನಿಂತ. ಅವನು ಏನೂ ಹೇಳಬೇಕಾಗಿರಲಿಲ್ಲ, ತಲೆಗೆ ಸುತ್ತುವ ರುಮಾಲು ಕೈಯಲ್ಲಿತ್ತು. ಆಯಿ ನಸುಕಿನಲ್ಲಿ ಹೋಗಿದ್ದಳು. ಮಗಳು ಬರುವವರೆಗೆ ಮಣ್ಣು ಮಾಡುವುದಿಲ್ಲ ಎಂದು ಮಾವ ಹೇಳಿಕಳಿಸಿದ್ದ. ಅಪ್ಪ ಗಾಡಿಯ ಕೆಳಗಿನಿಂದ ಹೊರಗೆ ಬರಲಿಲ್ಲ. ಪಾನಾ ತಿರುಗುವ ಸದ್ದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿಸಿತು. ಕೊನೆಯ ಬೋಲ್ಟನ್ನು ಬಿಗಿದೇ ಹೊರಗೆ ಬಂದ.

ಆ ಪ್ರಯಾಣವನ್ನು ಹೇಗೆ ಹೇಳಲಿ. ಗಾಡಿ ಅಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ರೈಲ್ವೆ ಗೇಟಿನ ಹಳಿಗಳನ್ನು ದಾಟಿದ್ದೇ ತಿಳಿಯಲಿಲ್ಲ. ಮೋಟೆಬೆನ್ನೂರು ದಾಟಿತು, ರಾಣೆಬೆನ್ನೂರು ದಾಟಿತು, ಹಲಗೇರಿಯ ಕಚ್ಚಾ ರಸ್ತೆ ಬಂತು, ಎಲ್ಲೂ ದಡ್ ಎನ್ನಲಿಲ್ಲ. ಅಪ್ಪ ಕನ್ನಡಿಯಲ್ಲಿ ಅವ್ವನನ್ನು ನೋಡುತ್ತಿದ್ದ, ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಊರು ಕಾಣಿಸಿದಾಗ ಅವಳು, "ಒಟ್ಟ ಕುಲಕಲಿಲ್ಲ ನೋಡ್ರಿ" ಎಂದಳು. ಅದರಲ್ಲಿ ಬೈಗುಳವಿರಲಿಲ್ಲ, ಇದ್ದರೆ ಚೆನ್ನಾಗಿತ್ತು. ಆಯಿಯನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಅವ್ವ ಹತ್ತಿರ ಕುಳಿತು ಆ ಮೆತ್ತನೆಯ ಹಳೆಯ ಸೀರೆಯನ್ನು ಹೊದಿಸಿದಳು. ಬೆಲ್ಲದ ಗಂಟು ನನ್ನ ಕೈಯಲ್ಲೇ ಉಳಿಯಿತು. ಮಾವ ಹೇಳಿದ: "ನಿನ್ನಿ ಸಂಜೀತನಕ ಮಾತಾಡಿದ್ಲು. ಬಾಗಲಾ ಮುಚ್ಚಗೊಡಲಿಲ್ಲ. ಬ್ಯಾಡಗಿ ಗಾಡಿ ಬರತೇತಿ, ಸಪ್ಪಳಾ ಕೇಳಬೇಕ ಅಂದ್ಲು." ನಿನ್ನೆ ಎಂದರೆ ಶುಕ್ರವಾರ. ನಾವು ಗುರುವಾರ ಬರಬೇಕಿತ್ತು. ಅಷ್ಟು ಲೆಕ್ಕ ಹನ್ನೊಂದು ವರ್ಷದವಳಿಗೂ ಬರುತ್ತಿತ್ತು.

ಮುಂದೆ ಎಷ್ಟೋ ವರ್ಷ, ಮನೆಗೆ ಬಂದ ಬಳಗದವರಿಗೆ ಅವ್ವ ಹೇಳುತ್ತಿದ್ದಳು: "ಇವರು ಗಾಡಿ ಬಿಚ್ಚಿ ಕುಂತ್ರು, ಅದನ್ನ ಕೂಡಸೂದ್ರಾಗ ನಮ್ಮವ್ವ ಹೋದ್ಲು." ಸಿಟ್ಟಿನಿಂದಲ್ಲ, ಮಳೆ ಬಂತು ಎಂದಂತೆ ಹೇಳುತ್ತಿದ್ದಳು. ಅಪ್ಪ ಆ ಮಾತು ಬಂದಾಗ ಎದ್ದು ಗಿರಣಿಯ ಪಟ್ಟಾ ನೋಡಲು ಹೋಗುತ್ತಿದ್ದ. ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ನಾನು ಚಹಾದ ಬಸಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು. ಆದರೆ ಎಣ್ಣೆ ಹಚ್ಚಿದವಳು ನಾನು ಎಂದರೆ, ಹಚ್ಚಲು ಹೇಳಿದವಳು ನೀನು ಎಂದು ಹೇಳಿದಂತಾಗುತ್ತದೆ. ಅಪ್ಪ ಗಾಡಿಯ ಪಕ್ಕದಲ್ಲಿ ನಿಂತು ಒಂದೇ ಗಳಿಗೆಯಲ್ಲಿ ಅದನ್ನು ತಿಳಿದುಕೊಂಡಿದ್ದ. ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಆ ಹೊತ್ತಿಗೆ ಅಪ್ಪ ಹೋಗಿದ್ದ. ಅವನ ಹಿಂದೆ ಗಿರಣಿಯೂ ನಿಂತಿತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿಗಳಿವೆ, ಒಂದು ಬೀಸುಕಲ್ಲು ಮೆಟ್ಟಿಲಾಗಿ ಉಳಿದಿದೆ, ಅಲ್ಲಿ ಯಾರೂ ಸೀನುವುದಿಲ್ಲ.

ಅವ್ವನಿಗೆ ಗೊತ್ತಿತ್ತೇ? ಅವಳೂ ಈಗಿಲ್ಲ, ಕೇಳುವಂತಿಲ್ಲ. ಒಂದು ಮಾತ್ರ ನೆನಪಾಗುತ್ತದೆ. ಆ ವಾರದ ನಂತರ ಗಿರಣಿಗೆ ಎಷ್ಟೋ ಹೊಸ ಸಾಮಾನು ಬಂದವು. ಪ್ರತಿ ಸಲವೂ ನಾನು ಎಣ್ಣೆಯ ಬಟ್ಟಲು ತರಲು ಏಳುವ ಮೊದಲೇ ಅವ್ವ ಮಂಚದಿಂದ, "ಬರೇ ಕುಂಕುಮ ಸಾಕ" ಎನ್ನುತ್ತಿದ್ದಳು. ಅವಳಿಗೆ ಗೊತ್ತಿದ್ದೂ ಅಪ್ಪನ ಮೇಲೇ ಹೇಳುತ್ತಿದ್ದಳೆಂದರೆ ಅದು ನನ್ನನ್ನು ಉಳಿಸಲಿಕ್ಕೋ, ತನ್ನನ್ನು ಉಳಿಸಿಕೊಳ್ಳಲಿಕ್ಕೋ, ಅಥವಾ ಅವರಿಬ್ಬರೂ ಮಾತಾಡಿಕೊಂಡು ಹಾಗೆ ಗೊತ್ತುಮಾಡಿಕೊಂಡಿದ್ದರೋ. ನಿಮ್ಮ ಮನೆಯಲ್ಲೂ ಹೀಗೆ ಕೇಳದೆ ಉಳಿದ ಒಂದು ಪ್ರಶ್ನೆ ಇರಬಹುದು. ಕೇಳಬೇಕಾದವರು ಇದ್ದಾಗ ಧೈರ್ಯವಿರಲಿಲ್ಲ, ಧೈರ್ಯ ಬಂದಾಗ ಅವರಿಲ್ಲ.

ಧಾರವಾಡದ ಗ್ಯಾರೇಜಿನವನು ಮರುದಿನ ನನ್ನ ಕಾರನ್ನು ಎತ್ತಿ ನಿಲ್ಲಿಸಿ, ಹೊಸ ಪ್ಲೇಟನ್ನು ಡಬ್ಬಿಯಿಂದ ತೆಗೆದ. ಅದೇ ಅಗಲ, ಅದೇ ಕಂದು ಬಣ್ಣ. ಬೆಳಿಗ್ಗೆ ಒಗ್ಗರಣೆ ಹಾಕಿ ಬಂದಿದ್ದೆ, ಕೈಯನ್ನು ಮೂರು ಸಲ ತೊಳೆದಿದ್ದೆ.

"ಹೊಸಾದ ಐತಿ ನೋಡ್ರಿ ಅಕ್ಕಾರ, ಬೇಕಾದ್ರ ಹಿಡದ ನೋಡ್ರಿ," ಎಂದು ಅವನು ನನ್ನ ಮುಂದೆ ಚಾಚಿದ.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೂರದಿಂದಲೇ ನೋಡಿದೆ.